ಬಂಡಿ ತೊಳೆಯುವ ದ್ಯಾಮ ಮತ್ತು ಮೂರು ಹಣ

ವರ್ತಿ... ವರ್ತಿಕೆಯೋ, ವಾರ್ತೆಯೋ? ದಿನಾ ಒಂದೇ ಮನೆಗೆ ಹಾಲು ಹಾಕುವುದಕ್ಕೆ ನಮ್ಮ ಕಡೆ ಒಂದು ಮಾತಿತ್ತು, ಪುಟ್ಟೀ. ಈ ದೂರದ ಊರಿಗೆ ಬಂದ ಮೇಲೆ ಅದನ್ನು ಆಡುವವರೇ ಸಿಗಲಿಲ್ಲ. ಹಾಂ, ವರ್ತನೆ. ವರ್ತನೆಯ ಹಾಲು, ವರ್ತನೆಯ ಮನೆ. ಈ ಕತೆಯಲ್ಲಿ ಹಾಲಿಲ್ಲ, ಬಂಡಿ ತೊಳೆಯುವ ವರ್ತನೆ ಇದೆ.

ಹಂಸಾವತಿಯ ಅರಸ ಒಂದು ದಿನ ಡಂಗುರ ಹೊಡೆಸಿದ. "ಕೇಳಿರಯ್ಯಾ ಕೇಳಿ! ಅರಮನೆಯ ಹನ್ನೆರಡು ರಥಗಳನ್ನು ವಾರವಾರ ತೊಳೆಯುವ ವರ್ತನೆ ಬೇಕಾದವರು ಅರಸುಕುವರಿ ರತ್ನಾಜಿಯ ಮೂರು ಒಗಟು ಬಿಡಿಸಬೇಕು. ಬಿಡಿಸಿದವನಿಗೆ ವರ್ತನೆ, ಜೊತೆಗೊಂದು ವರ. ತಪ್ಪಿದವನ ತಲೆ ಸಂಜೆಗೆ ಉರುಳುತ್ತದೆ. ಸಾಲಿನಲ್ಲಿ ನಿಂತವನು ಹಿಂದೆ ಸರಿಯುವಂತಿಲ್ಲ!"

ಇಷ್ಟು ಬಿಗಿಗೆ ಕಾರಣವಿತ್ತು. ಹಿಂದಿನವರು ಕೂಲಿ ತೆಗೆದುಕೊಂಡು ಅಚ್ಚಿನ ಕೆಸರನ್ನು ಹಾಗೇ ಬಿಟ್ಟಿದ್ದರು. ಕೆಸರಿನಡಿಯ ಬಿರುಕು ಕಾಣದೆ, ಓಡುವ ರಥದ ಅಚ್ಚು ಮುರಿದು ಅರಸನ ತಮ್ಮ ಸತ್ತಿದ್ದ.

ಆ ಊರಿನಲ್ಲಿ ದ್ಯಾಮ ಎಂಬ ಬಡ ಹುಡುಗನಿದ್ದ. ಕತ್ತೆಯ ಮೇಲೆ ತೊಗಲಿನ ಚೀಲಗಳಲ್ಲಿ ನೀರು ಹೇರಿಕೊಂಡು, ಹೆಗಲಿಗೆ ಅಂಟುವಾಳದ ಗಂಟು, ತೆಂಗಿನ ನಾರು ಹಾಕಿಕೊಂಡು, ಮನೆಮನೆಗೆ ಹೋಗಿ ಬಂಡಿ ತೊಳೆಯುತ್ತಿದ್ದ. ಬಂಡಿಯನ್ನು ಒಂದು ಸುತ್ತು ನೋಡಿದರೆ ಸಾಕು, ಬೆಲೆ ಹೇಳಿಬಿಡುತ್ತಿದ್ದ. ಆ ಧೈರ್ಯದಿಂದಲೇ ಸಾಲಿನಲ್ಲಿ ನಿಂತ. ತಲೆಯ ಭಯಕ್ಕೆ ಅವನ ಜೊತೆ ನಿಂತವರು ಇನ್ನಿಬ್ಬರೇ.

ನೋಡಲು ಬಂದವರಲ್ಲಿ ಮದುವೆಗಳಿಗೆ ಬಂಡಿ ಬಾಡಿಗೆ ಕೊಡುವ ಮುದುಕಿ ಸಂಗವ್ವನೂ ಇದ್ದಳು. "ಅಗೋ, ಅವನು ನಮ್ಮ ಮನೆಯ ಬಂಡಿ ತೊಳೆಯುವ ದ್ಯಾಮ. ಅವನೇ ಗೆಲ್ಲೋದು ನೋಡಿರಿ" ಎಂದು ಪಕ್ಕದವರಿಗೆಲ್ಲ ಹೇಳುತ್ತಿದ್ದಳು.

ರತ್ನಾಜಿ ಮೊದಲನೆಯದನ್ನು ಕೇಳಿದಳು. "ಅದೇ ಬಂಡಿ, ಅದೇ ಕೈ. ಮೊದಲ ವಾರ ಮೂರು ಹಣ ಕೇಳಿದ್ದೂ ನ್ಯಾಯ, ಮರುವಾರ ಒಂದು ಹಣ ಕೇಳಿದ್ದೂ ನ್ಯಾಯ. ಎರಡು ಹಣ ಎಲ್ಲಿ ಹೋಯಿತು?"

ಗುತ್ತಿಗೆದಾರ ನಾಗರಸ ಮುಂದೆ ಬಂದ. "ಮರುವಾರ ಅರ್ಧಂಬರ್ಧ ತೊಳೆದಿದ್ದಾನೆ, ಅಷ್ಟೇ."

"ಹಾಗಾದರೆ ಅದು ನ್ಯಾಯ ಹೇಗಾಯಿತು?" ಎಂದಳು ರತ್ನಾಜಿ. ಕಾವಲಿನವರು ನಾಗರಸನ ಕೈ ಕಟ್ಟಿದರು.

ದ್ಯಾಮ ಹೇಳಿದ. "ಕೊಳೆಯ ಜೊತೆ ಹೋಯಿತು, ತಾಯಿ. ವರ್ಷದ ಕೆಸರು ಕಲ್ಲಾಗಿರುತ್ತದೆ, ನೆನೆಸಿ ಕೆರೆದು ತೆಗೆಯಲು ಒಂದು ದಿನ ಬೇಕು. ಅದಕ್ಕೇ ಮೂರು. ಆಮೇಲೆ ವಾರವಾರ ತೊಳೆದರೆ ಬರೀ ಧೂಳು. ಅದಕ್ಕೆ ಒಂದೇ ಸಾಕು."

"ಸರಿ. ಎರಡನೆಯದು. ಅಂಗಳದಲ್ಲಿ ಮಾಡುವ ಕೆಲಸದ ಅರ್ಧ ಅಂಗಳದ ಹೊರಗೇ ಮುಗಿದಿರುತ್ತದೆ. ಒಂದು ಮನೆಗಾದರೆ ಭಾರ, ಐದು ಮನೆಗಾದರೆ ಹಗುರ. ಏನದು?"

ಈ ಸಲವೂ ದ್ಯಾಮನೇ ಹೇಳಿದ. "ದಾರಿ, ತಾಯಿ. ನೀರು ಹೊತ್ತು ನಡೆದದ್ದೂ ಕೆಲಸವೇ. ಒಂದೇ ಮನೆಗೆ ಅಷ್ಟು ದೂರ ಹೋದರೆ ನಡಿಗೆಯ ಕೂಲಿಯೆಲ್ಲ ಅವರ ಮೇಲೆ ಬೀಳುತ್ತದೆ. ಅದೇ ಬೀದಿಯ ಐದು ಮನೆ ಸಿಕ್ಕರೆ ಹಂಚಿಹೋಗುತ್ತದೆ."

ಜನ ಹೋ ಎಂದರು. ಎಲ್ಲರಿಗಿಂತ ಜೋರಾಗಿ ಕೂಗಿದವಳು ಸಂಗವ್ವ.

"ಕಡೆಯದು. ಕಣ್ಣಿಗೆ ಕಾಣದ, ಬಟ್ಟೆಗೆ ಹತ್ತದ ಕೊಳೆ. ಆದರೂ ಒಂದು ಮನೆಯವರು ವಾರವಾರ ಅದನ್ನು ತೊಳೆಸಿ ಹಣ ಕೊಡುತ್ತಾರೆ. ಏನದು?"

"ಪಾಪ!" ಎಂದು ವರದ ಆಸೆಗೆ ಸಾಲಿಗೆ ಬಂದಿದ್ದ ಪಂಡಿತ ವಿಶ್ವಪತಿ ಮುಂದೆ ಬಂದ.

"ಪಾಪ ತೊಳೆಯಲು ಕತ್ತೆಯ ಮೇಲೆ ನೀರು ಹೇರಿಕೊಂಡು ಬರುತ್ತಾರೆಯೇ ಪಂಡಿತರೇ?" ಎಂದಳು ರತ್ನಾಜಿ. ಜನ ನಕ್ಕರು. ಪಂಡಿತನ ಕೈಯನ್ನೂ ಕಟ್ಟಿದರು.

ದ್ಯಾಮನಿಗೆ ಉತ್ತರ ಗೊತ್ತಿತ್ತು. ಒಗಟು ಮುಗಿಯುವ ಮೊದಲೇ ಗೊತ್ತಾಗಿ ಅವನ ಕಿವಿ ಬಿಸಿಯಾಗಿತ್ತು. ಅವನು ಸಂಗವ್ವನ ಕಡೆ ನೋಡಲಿಲ್ಲ.

"ಹೇಳೋ ಮಗಾ, ನಿನಗೆ ಗೊತ್ತಿರುತ್ತದೆ!" ಎಂದು ಅವಳೇ ಕೂಗಿದಳು.

"ಇಲ್ಲದ ಕೊಳೆ, ತಾಯಿ" ಎಂದ, ನೆಲ ನೋಡುತ್ತ.

"ಬಿಡಿಸಿ ಹೇಳು. ಇಲ್ಲದ ಕೊಳೆಗೆ ಯಾರಾದರೂ ಹಣ ಕೊಡುತ್ತಾರೆಯೇ?"

ಸುಮ್ಮನಿದ್ದರೆ ತಲೆ ಹೋಗುತ್ತದೆ. ಹೇಳಿದರೆ ಮುಖಕ್ಕೆ ಮಸಿ ಹತ್ತುತ್ತದೆ. ದ್ಯಾಮ ಹೇಳಿದ. "ಕೊಡುತ್ತಾರೆ. ಸಂಗವ್ವ ಕೊಡುತ್ತಾಳೆ. ಎರಡು ವರ್ಷದ ಹಿಂದೆ ಅವಳ ಬಂಡಿಯಲ್ಲಿ ಕೆಸರು ಮೊಣಕೈಯುದ್ದ ಇತ್ತು. ಮೂರು ಹಣ ಕೇಳಿದೆ, ಕೊಟ್ಟಳು. ಮರುವಾರ ಬರೀ ಧೂಳಿತ್ತು. ಅವಳು ಬೆಲೆ ಕೇಳದೆಯೇ ಮೂರು ಹಣ ನೀಡಿದಳು. ನಾನು ತೆಗೆದುಕೊಂಡೆ. ಆಮೇಲೆ ಪ್ರತಿ ವಾರವೂ ತೆಗೆದುಕೊಂಡೆ. ಬಂಡಿ ಹೊರಗೇ ಹೋಗದ ವಾರವೂ ನೀರು ಚಿಮುಕಿಸಿ ತೆಗೆದುಕೊಂಡೆ."

ಸಂಗವ್ವ ಮುಂದೆ ಬಂದು ನಿಂತಳು. "ಇಲ್ಲ ತಾಯಿ, ನಾನೇ ಖುಷಿಯಿಂದ ಜಾಸ್ತಿ ಕೊಟ್ಟೆ. ಹುಡುಗ ಹೆದರಿ ಏನೇನೋ ಹೇಳುತ್ತಿದ್ದಾನೆ."

ಆಗಲೇ ದ್ಯಾಮನಿಗೆ ನಿಜವಾಗಿ ಭೂಮಿ ಬಾಯಿ ಬಿಡಬಾರದೇ ಅನ್ನಿಸಿದ್ದು. "ಅವಳು ನನಗಾಗಿ ಸುಳ್ಳು ಹೇಳುತ್ತಿದ್ದಾಳೆ, ತಾಯಿ. ಅವಳಿಗೆ ಬೆಲೆ ಗೊತ್ತೇ ಇರಲಿಲ್ಲ."

ರತ್ನಾಜಿ ಹೇಳಿದಳು. "ಉತ್ತರ ಸರಿ. ಹನ್ನೆರಡು ರಥಕ್ಕೆ ನಿನ್ನ ಬೆಲೆ ಹೇಳು."

"ಮೊದಲ ಸಲ ರಥಕ್ಕೆ ಐದು ಹಣ, ಆಮೇಲೆ ಎರಡು. ಅಚ್ಚಿನಲ್ಲಿ ಬಿರುಕು ಕಂಡರೆ ಹೇಳಿಯೇ ಹೋಗುತ್ತೇನೆ. ಹೊರಗೆ ಹೋಗದ ರಥಕ್ಕೆ ಏನೂ ಬೇಡ."

"ಒಪ್ಪಿದೆ. ವರ?"

"ಆ ಇಬ್ಬರ ಕೈ ಬಿಚ್ಚಿಸಿ, ತಾಯಿ. ಅವರಿಗೆ ತಿಳಿಯಲಿಲ್ಲ ಅಷ್ಟೇ. ತಿಳಿದೂ ಮಾಡಿದವನು ನಾನು."

ಇಬ್ಬರನ್ನೂ ಬಿಟ್ಟರು. ದ್ಯಾಮನಿಗೆ ರೇಷ್ಮೆಯ ಶಾಲು ಹೊದಿಸಿದರು. ಅದನ್ನು ಅವನು ಬೀದಿಗೆ ಬರುತ್ತಲೇ ಮಡಚಿ ಕಂಕುಳಲ್ಲಿಟ್ಟುಕೊಂಡ.

ಅರಮನೆಯ ಮೊದಲ ಕೂಲಿ ಬಂದ ದಿನ ಅದಷ್ಟನ್ನೂ ಗಂಟು ಕಟ್ಟಿ ಸಂಗವ್ವನ ಜಗಲಿಯ ಮೇಲಿಟ್ಟು, ಬಂಡಿ ತೊಳೆಯತೊಡಗಿದ. ಬಂಡಿಯ ಕೆಳಗೆ ಮಲಗಿ ಅಚ್ಚನ್ನೂ ಒರೆಸಿದ. ಸಂಗವ್ವ ಗಂಟನ್ನು ಒಳಗಿಟ್ಟು ಬಂದು ಒಂದು ಹಣ ನೀಡಿದಳು.

"ಬೇಡವ್ವ. ಇನ್ನು ನಿನ್ನ ಬಂಡಿ ಬಿಟ್ಟಿ."

"ಬಿಟ್ಟಿ ತೊಳೆದರೆ ನೀನು ನಿನ್ನ ಮುಖದ ಮಸಿ ತೊಳೆದುಕೊಳ್ಳುತ್ತೀ. ನನಗೆ ಬಂಡಿ ತೊಳೆಯುವವನು ಬೇಕು. ಹಿಡಿ."

ಅವನು ತಲೆ ಎತ್ತದೆ ಕೈ ಚಾಚಿದ. ಆ ಒಂದು ಹಣ ಅವನ ಅಂಗೈಯಲ್ಲಿ ಆವತ್ತಿನ ಮೂರು ಹಣಕ್ಕಿಂತ ಭಾರವಾಗಿತ್ತಂತೆ.

ಪುಟ್ಟೀ, ನನ್ನ ಕೈ ನಡುಗುತ್ತದೆ, ಇದನ್ನು ನೀನು ಬರೆದಿಡು. ಒಂದು ಹಣ ತೆಗೆದುಕೊಂಡ ಅಂತಲೇ ಬರಿ. ಕ್ಷಮಿಸಿದಳು ಅಂತ ಸೇರಿಸಬೇಡ, ಅವಳು ಹಾಗೆ ಹೇಳಲಿಲ್ಲ.