ದೊಡ್ಡ ಟೈರು ಗೇಟು ದಾಟಿದ್ದು

ಮುತ್ತಣ್ಣನವರಿಗೆ ಒಮ್ಮೆ ಎತ್ತರದ ಹುಚ್ಚು ಹಿಡಿಯಿತು. ತಮ್ಮ ಜೀಪನ್ನು ನಾಲ್ಕು ಬೆರಳು ಮೇಲಕ್ಕೆ ಎತ್ತಿಸಿದರು. ಆಮೇಲೆ ಅದೇ ಗ್ಯಾರೇಜಿನಲ್ಲಿ ಚಕ್ರದ ಹಳೆಯ ರಿಮ್ಮುಗಳನ್ನೇ ಉಳಿಸಿಕೊಂಡು ಅವಕ್ಕೆ ದೊಡ್ಡ ಟೈರುಗಳನ್ನು ಹಾಕಿಸಿದರು.

ಮುಂದಿನ ಎಡಗಡೆಯ ರಿಮ್ಮಿಗೆ ತನ್ನ ಮೈಮೇಲೆ ಬಂದು ಕೂತ ಹೊಸಬನನ್ನು ಕಂಡಾಗಿನಿಂದ ಅನುಮಾನ. "ತಮ್ಮಾ, ನಿನಗೆ ಇಲ್ಲಿ ಜಾಗ ಸಾಲುತ್ತದೆಯೇ?" ಎಂದು ಕೇಳಿತು.

"ತಲೆಯ ಮೇಲೆ ನೋಡಣ್ಣ, ಒಂದು ಗೇಣು ಖಾಲಿಯಿದೆ" ಎಂದಿತು ಟೈರು.

"ಮೇಲಿನದು ಎಲ್ಲರಿಗೂ ಕಾಣುತ್ತದೆ. ನಾನು ಕೇಳಿದ್ದು ಒಳಪಕ್ಕದ ಮಾತು. ಎಡಕ್ಕೋ ಬಲಕ್ಕೋ ತಿರುಗುವಾಗ ನಿನ್ನ ಮೈ ಜೀಪಿನ ಅಡಿಯ ಚೌಕಟ್ಟಿಗೆ, ಈ ಚಾಸಿಗೆ, ತಾಗುವುದಿಲ್ಲವೇ?"

"ನಿನಗೆ ಬರೀ ಹೊಟ್ಟೆಕಿಚ್ಚು. ನನ್ನನ್ನು ನೋಡಲು ಆಗಲೇ ಜನ ಸೇರಿದ್ದಾರೆ."

ರಿಮ್ಮಿನ ಅನುಮಾನ ಮಾತ್ರ ಹೋಗಲಿಲ್ಲ. ಮುತ್ತಣ್ಣನವರು ಕರ್ಪೂರ ಬೆಳಗಿ, ನಾಲ್ಕೂ ಟೈರುಗಳ ಕೆಳಗೆ ನಿಂಬೆಹಣ್ಣು ಇಟ್ಟು, ಜೀಪನ್ನು ಮುಂದಕ್ಕೆ ಬಿಟ್ಟರು. ಹಣ್ಣುಗಳು ಪಚಕ್ಕನೆ ಅಪ್ಪಚ್ಚಿಯಾದವು.

"ನೋಡಿದೆಯಾ?" ಎಂದು ಟೈರು ಬೀಗಿತು.

"ನೋಡಿದೆ. ನಿಂಬೆಹಣ್ಣನ್ನು ನೇರ ದಾರಿಯಲ್ಲೇ ಇಟ್ಟಿದ್ದರು" ಎಂದಿತು ರಿಮ್ಮು.

ಗ್ಯಾರೇಜಿನ ಗೇಟು ಬಂತು. ಮುತ್ತಣ್ಣನವರು ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದರು. ಕರ್ರೆಂದು ಸದ್ದಾಯಿತು. ಟೈರಿನ ಒಳಮೈ ಚಾಸಿಗೆ ಉಜ್ಜಿ ಸುಲಿದುಹೋಯಿತು. ಜೀಪು ಗೇಟಿಗೆ ಅಡ್ಡವಾಗಿ ನಿಂತುಬಿಟ್ಟಿತು. ಸೇರಿದ್ದ ಜನ ಕಿಸಕ್ಕನೆ ನಕ್ಕರು.

"ಥೂ, ಹಾಳು ರಸ್ತೆ!" ಎಂದು ಟೈರು ನರಳಿತು.

"ರಸ್ತೆಗೆ ನಾವಿನ್ನೂ ಇಳಿದೇ ಇಲ್ಲವಲ್ಲ ತಮ್ಮಾ" ಎಂದಿತು ರಿಮ್ಮು.