ಓಡುವ ಮಾತು, ನಿಲ್ಲುವ ಮಾತು

ಬಿಳಿಕಲ್ಲು ಸಂಸ್ಥಾನದ ಬೀದಿಬೀದಿಯಲ್ಲಿ ಡಂಗುರ ಸಾರಿದರು. ದೊರೆಯ ಮಗಳು ಅಮ್ಮಣ್ಣಿಯವರ ಮೂರು ಒಗಟಿಗೂ ಇಂಗ್ಲಿಷಿನ ಒಂದೇ ಮಾತಿನಲ್ಲಿ ಉತ್ತರ ಹೇಳಿದವನು ಅರಮನೆಯ ದುಭಾಷಿ. ತಪ್ಪಿದವನಿಗೆ ಅರ್ಧ ಮೀಸೆ ಬೋಳಿಸಿ ಕತ್ತೆಯ ಮೇಲೆ ಮೆರವಣಿಗೆ.

ಇದಕ್ಕೊಂದು ಕಾರಣವಿತ್ತು. ದೊರೆ ಬೊಮ್ಮರಸ ನಾಯಕರು ಬಿಳಿ ಸಾಹೇಬನ ಕಾಗದವನ್ನು ಓದಿಸಿ ಕೇಳಿ, ಅದರ ಒಂದು ಮಾತನ್ನು ತಪ್ಪು ತಿಳಿದು, ತುಂಬಿದ ಸಭೆಯಲ್ಲಿ ನಗೆಪಾಟಲಾಗಿದ್ದರು. ಅಂದಿನಿಂದ ಯಾರ ಮುಖವನ್ನೂ ನೆಟ್ಟಗೆ ನೋಡುತ್ತಿರಲಿಲ್ಲ. ಪಾದ್ರಿಯ ಹೆಂಡತಿಯಿಂದ ಇಂಗ್ಲಿಷ್ ಕಲಿತಿದ್ದ ಮಗಳು ಹೊನ್ನಾಜಮ್ಮಣ್ಣಿ, ಇನ್ನು ಹಾಗಾಗದಂತೆ ಬಲ್ಲ ದುಭಾಷಿಯನ್ನು ಹುಡುಕಲು, ಅದೇ ಮಾತನ್ನು ಒಗಟು ಮಾಡಿದಳು.

ಅಂಚೆ ಹೊತ್ತು ಓಡುವ ಮಾಳಿಂಗ ಅರಮನೆಯ ಕಾಗದ ಕೊಡಲು ಸಭೆಗೆ ಬಂದಾಗ ಅಮ್ಮಣ್ಣಿ ಒಗಟು ಹೇಳುತ್ತಿದ್ದಳು.

“ಊರೂರು ಓಡುತ್ತದೆ, ಮದುವೆಯ ಸುದ್ದಿ, ಸಾವಿನ ಸುದ್ದಿ ಎರಡನ್ನೂ ಒಂದೇ ಚೀಲದಲ್ಲಿ ತರುತ್ತದೆ. ಇದು ಒಂದು. ನೆಟ್ಟಲ್ಲೇ ನಿಲ್ಲುತ್ತದೆ, ಮಳೆಯೆಂದರೂ ಬಿಸಿಲೆಂದರೂ ಜರುಗುವುದಿಲ್ಲ. ಇದು ಎರಡು. ಸಿಗುವ ತನಕ ಕಾಲು ಹಿಡಿಯುತ್ತಾರೆ, ಸಿಕ್ಕಮೇಲೆ ಕಾಲ ಮೇಲೆ ಕಾಲು ಹಾಕುತ್ತಾರೆ. ಇದು ಮೂರು.”

ಮದರಾಸಿನಲ್ಲಿ ಓದಿದ ಗುಮಾಸ್ತನೊಬ್ಬ ‘ರಿವರ್’, ಅಂದರೆ ಹೊಳೆ ಎಂದ. ಹೊಳೆ ಓಡುವುದೇನೋ ನಿಜ, ಅದನ್ನು ನೆಟ್ಟವರು ಯಾರು ಎಂದಳು ಅಮ್ಮಣ್ಣಿ. ಅವನ ಅರ್ಧ ಮೀಸೆ ಹೋಯಿತು. ಆಮೇಲೆ ಮುದುಕರಾದ ಮರುಳಯ್ಯ ಐಗಳು ಎದ್ದರು. ಊರಿನ ಅರ್ಧ ಮಕ್ಕಳಿಗೆ ಅಕ್ಷರ ಕಲಿಸಿದವರು. ಅವರು ಮೂರು ಒಗಟಿಗೆ ಮೂರು ಮಾತು ಹೇಳಿದರು. ಕೇಳಿದ್ದು ಒಂದೇ ಮಾತು. ಕ್ಷೌರಿಕ ಕತ್ತಿ ಮಸೆದ. ಐಗಳ ತಲೆ ಎದೆಗೆ ಬಿತ್ತು.

ಮಾಳಿಂಗನಿಗೆ ಉತ್ತರ ಗೊತ್ತಿತ್ತು. ಹೇಗೆ ಗೊತ್ತು ಎಂದು ಕೇಳಿದರೆ ಏನು ಹೇಳುವುದು? ಕಿವಿಯವರೆಗೂ ಬಿಸಿಯೇರಿತು. ಓಡಿಹೋಗಬೇಕೆನಿಸಿತು. ಆದರೆ ಐಗಳ ಮುಖ ನೋಡಿ ಕಾಲು ಏಳಲಿಲ್ಲ.

“ಪೋಸ್ಟ್, ಬುದ್ಧೀ,” ಎಂದ.

ಎಲ್ಲರೂ ತಿರುಗಿದರು. ವಿವರಿಸು ಎಂದಳು ಅಮ್ಮಣ್ಣಿ. ಮಾಳಿಂಗ ನೆಲ ನೋಡುತ್ತಲೇ ಹೇಳಿದ: “ನಾನು ಹೊರೋ ಅಂಚೆಗೆ ಸಾಹೇಬರು ಪೋಸ್ಟ್ ಅಂತಾರೆ. ಕಂಬಕ್ಕೂ ಅದೇ ಮಾತು. ಕೆಲಸಕ್ಕೆ ಸೇರಿದ ದಿನ, ನಿನ್ನ ಪೋಸ್ಟ್ ಬಿಟ್ಟು ಕದಲಬೇಡ ಅಂದರು. ನಾನು ಕುದುರೆ ಕಟ್ಟೋ ಕಂಬ ತಬ್ಬಿಕೊಂಡು ಸಂಜೆವರೆಗೂ ನಿಂತೆ. ಕಚೇರಿಯವರೆಲ್ಲ ಬಂದು ನೋಡಿ ನಕ್ಕರು. ಅವರು ಅಂದದ್ದು ಉದ್ಯೋಗ ಅಂತ ಆಮೇಲೆ ತಿಳೀತು. ಇದನ್ನ ಮನೇಲೂ ಹೇಳಿಲ್ಲ.”

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ದೊರೆ ಮಾತ್ರ ನಗಲಿಲ್ಲ. ಗದ್ದುಗೆಯಿಂದ ಇಳಿದು ಬಂದರು.

“ಗಡಿಗೆ ನಾಲ್ಕು ಪೋಸ್ಟ್ ಬೇಕು ಅಂತ ಸಾಹೇಬ ಬರೆದಿದ್ದ,” ಎಂದರು. “ಕಾವಲು ಠಾಣೆ ಅಂತ ತಿಳಿಯದೆ ನಾನು ನಾಲ್ಕು ಕಾಗದ ಕಳಿಸಿದೆ.”

ಆ ಸಂಗತಿಯನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕ್ಷೌರಿಕನನ್ನು ಹೊರಗೆ ಕಳಿಸಿದರು. ಮೀಸೆ ಕಳೆದುಕೊಂಡ ಗುಮಾಸ್ತನ ಕೈ ಹಿಡಿದು ತಪ್ಪಾಯಿತೆಂದರು. ಮಾಳಿಂಗನಿಗೆ ಶಾಲು ಹೊದಿಸಿ ದುಭಾಷಿಯ ಹುದ್ದೆ ಕೊಟ್ಟರು.

ತನಗೆ ಇಂಗ್ಲಿಷ್ ಓದು ಬರುವುದಿಲ್ಲವೆಂದು ಹೇಳಿ ಮಾಳಿಂಗ ಇನ್ನೂ ತಲೆ ತಗ್ಗಿಸಿಯೇ ಇದ್ದ.

“ನನಗೆ ಬರುತ್ತದೆಯೇ?” ಎಂದರು ದೊರೆ.

ಮರುದಿನ ಬೆಳಿಗ್ಗೆ ಅಮ್ಮಣ್ಣಿ ಜಗುಲಿಯ ಮೇಲೆ ಎರಡು ಸ್ಲೇಟು ಇಟ್ಟಳು. ದೊರೆ ಒಂದರ ಮುಂದೆ ಕುಳಿತು, ಪಕ್ಕದ ಜಾಗವನ್ನು ಕೈಯಲ್ಲೇ ಒರೆಸಿದರು.