ಗೋಣಿಚೀಲದ ಭರವಸೆ

ನನ್ನ ಮೀಸೆಯಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಸುಳ್ಳು ನನ್ನನ್ನು ಕಂಡರೆ ಬೇರೆ ಬೀದಿ ಹಿಡಿಯುತ್ತದೆ. ಸರ್ಕಾರದ ಹಣದಲ್ಲಿ ಕೊರೆದ ಕೊಳವೆಬಾವಿಯೊಂದರಲ್ಲಿ ನೀರು ಬರಲಿಲ್ಲ. ಕೊರೆದ ರಿಗ್ ಲಾರಿ ಬಾವಿಯ ಬಾಯಿಗಿಳಿಸಿದ್ದ ಕೇಸಿಂಗ್ ಪೈಪನ್ನೂ ಕಿತ್ತುಕೊಂಡು ಹೊರಟಿತು.

“ಅಣ್ಣಾ, ನನ್ನ ಬಾಯಿ ಮುಚ್ಚಿ ಹೋಗು,” ಎಂದಿತು ಬಾವಿ.

“ಕೊರೆಯುವುದಕ್ಕೆ ಹಣ ಬಂದಿದೆ ತಮ್ಮಾ. ಮುಚ್ಚುವ ಹಣ ಇನ್ನೂ ಮಂಜೂರಾಗಿಲ್ಲ,” ಎಂದ ಲಾರಿ ಒಂದು ಹಳೆಯ ಗೋಣಿಚೀಲ ಹಾಸಿ, ಅಂಚಿಗೆ ಕಲ್ಲಿಟ್ಟು ಹೋಯಿತು.

ಮೇಯುತ್ತ ಬಂದ ಮೇಕೆಮರಿ ಕೇಳಿತು: “ಗೋಣಿ ಮಾಮ, ನಿನ್ನ ಮೇಲೆ ಕಾಲಿಡಬಹುದೇ?”

“ಧಾರಾಳವಾಗಿ ಇಡು ಮಗಾ. ಕ್ವಿಂಟಲ್ ರಾಗಿ ಹೊತ್ತ ಮೈ ಇದು.”

“ಆಗ ನಿನ್ನ ಕೆಳಗೆ ನೆಲವಿತ್ತು ಮಾರಾಯ. ಮರೀ, ಬೇಡ,” ಎಂದು ಬಾವಿ ಕೂಗಿತು. ಚೀಲದಡಿಯ ಆ ಕೂಗು ಮರಿಗೆ ಕೇಳಿಸಲಿಲ್ಲ.

ಮರಿ ಕಾಲಿಟ್ಟಿತು. ಚೀಲವೂ ಅದರೊಂದಿಗೇ ಒಳಗೆ ಹೋಯಿತು. ತಾಯಿಮೇಕೆ ಅಂಚಿನಲ್ಲಿ ನಿಂತು ಕರೆಯುತ್ತಲೇ ಇತ್ತು; ಒಳಗಿನ ದನಿ ಸಂಜೆಯ ಹೊತ್ತಿಗೆ ನಿಂತಿತು.

ಮರುದಿನವೇ ಹಣ ಮಂಜೂರಾಗಿ, ಕಬ್ಬಿಣದ ಮುಚ್ಚಳವೊಂದು ಬಂದು ಬಾವಿಯ ಬಾಯಿಗೆ ಕೂತಿತು.

ಇಷ್ಟೂ ನಿಜ. ಆ ಮುಚ್ಚಳವೊಂದನ್ನು ಮಾತ್ರ ನಾನು ಕಟ್ಟಿ ಹೇಳಿದೆ. ಅಲ್ಲೀಗ ಇರುವುದು ಇನ್ನೊಂದು ಗೋಣಿಚೀಲ.